ಹೇಳಿ ಅಕ್ಕನ ಕಾಲು ಗಂಟೆ

ನಮ್ಮ ಜೈಲಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಯಾರು ಬಂದು ಕೂತರೂ, ಕೊಲೆ ಮಾಡಿದವಳಾಗಲಿ ಕೋಳಿ ಕದ್ದವಳಾಗಲಿ, ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ "ಹೇಳಿ" ಅನ್ನುತ್ತಿದ್ದರು. ಒಳಗೆ ನಮ್ಮ ಕಿವಿಗೆ ಬೀಳುತ್ತಿದ್ದದ್ದು "ಬಾ", "ಹೋಗು", "ನಿಲ್ಲು", "ಬಾಯ್ಮುಚ್ಚು" ಇಷ್ಟೇ. ಹಾಗಾಗಿ ಆ ಮರ್ಯಾದೆಯ ಮಾತು ಕೇಳಿ, ಬೇರೆ ಯಾರಿಗೋ ಅನ್ನುತ್ತಿದ್ದಾರೇನೋ ಎಂದು ಮೊದಮೊದಲು ಕೆಲವರು ಹಿಂದೆ ತಿರುಗಿ ನೋಡಿದ್ದೂ ಉಂಟು. ಕೊನೆಗೆ ಹೇಳಿ ಅಕ್ಕ ಎಂಬ ಹೆಸರೇ ನಿಂತಿತು.

ನಾನು ಒಳಗೆ ಹೋದದ್ದು ಬಾಡಿಗೆ ಮನೆಯ ಮಾಲೀಕನ ತಲೆಗೆ ಕುಕ್ಕರ್ ಮುಚ್ಚಳದಿಂದ ಬಾರಿಸಿದ್ದಕ್ಕೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ, ಮುಚ್ಚಳ ಸೊಟ್ಟಗಾಯಿತಲ್ಲ ಎಂಬುದೊಂದೇ ಬೇಸರ. ಒಳಗೆ ನನ್ನ ಹೆಸರು ಕುಕ್ಕರ್. ನನ್ನ ವಿಷಯ ಇಲ್ಲಿಗೆ ಸಾಕು, ಇದು ನನ್ನ ಕಥೆಯಲ್ಲ. ಇದನ್ನು ಬರೆಯಲೇ ಎಂದು ಒಳಗೆ ಜೊತೆಗಿದ್ದ ದಾರ ಎಂಬವಳನ್ನು ಕೇಳಿದೆ, ಬರಿ ಅಂದಳು. ಹೇಳಿ ಅಕ್ಕನನ್ನು ಕೇಳಿದಾಗ, "ನನ್ನ ಬಗ್ಗೆ ಏನ್ ಬೇಕಾದ್ರೂ ಬರ್ಕೋ. ಅವಳ ಬಗ್ಗೆ ಮಾತ್ರ ಅವಳು ನಿನಗೆ ಹೇಳಿದಷ್ಟೇ ಬರಿ" ಅಂದರು. ಅಷ್ಟನ್ನೇ ಬರೆಯುತ್ತಿದ್ದೇನೆ.

ಅಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಇಲ್ಲಿಂದ ಅಲ್ಲಿಗೆ ಜೋಡಿಸುವ ಕೆಲಸ. ಯಾರ ಮನೆಯಲ್ಲಿ ಜಗಳ, ಯಾರ ಮಗಳು ಯಾರ ಜೊತೆ ಮಾತಾಡುತ್ತಾಳೆ, ಯಾವ ದೊಡ್ಡ ಮನುಷ್ಯ ಯಾರ ಮುಂದೆ ಹಲ್ಲು ಕಿರಿಯುತ್ತಾನೆ, ಬೇಡ ಅಂದರೂ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಸಂಜೆ ಮನೆಗೆ ಬಂದರೆ ಗಂಡ ಕೇಳುತ್ತಿದ್ದರು, "ಇವತ್ತೇನು ವಿಶೇಷ?" ಅಕ್ಕ ಹೇಳುತ್ತಿದ್ದರು, "ಬಸ್ ತಡ." ವರ್ಷಗಟ್ಟಲೆ ಆ ಮನೆಯಲ್ಲಿ ವಿಶೇಷ ಅಂದರೆ ಬಸ್ ತಡ ಅಷ್ಟೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಇಂಜಿನ್ನಿನ ಸದ್ದಿಗೆ ಒಂದು ಕಿವಿ ಕಳೆದುಕೊಂಡವರು. "ಒಬ್ಬರಿಗೆ ಕೇಳಿಸಲ್ಲ, ಇನ್ನೊಬ್ಬರು ಹೇಳಲ್ಲ. ಈ ಮನೇಲಿ ಟಿವಿ ಇಲ್ದೇ ಇದ್ದಿದ್ರೆ ನಾನು ಹುಚ್ಚಿ ಆಗ್ತಿದ್ದೆ" ಎಂದು ಸೊಸೆ ಅವರ ಮುಂದೆಯೇ ಅನ್ನುತ್ತಿದ್ದಳು. ಎಕ್ಸ್‌ಚೇಂಜಿಗೆ ಯಂತ್ರ ಬಂದು ಇವರೆಲ್ಲ ಮನೆಗೆ ಹೋದ ಮೇಲೆ, ಹೆಂಗಸರ ಒಂದು ಸಂಸ್ಥೆ ಇವರಿಗೆ ತರಬೇತಿ ಕೊಟ್ಟು ಜೈಲಿಗೆ ಕಳಿಸಿತು. ಒಳಗೆ ಮಾನ ಕಳೆದುಕೊಂಡವರ, ಕ್ಷಮಿಸಿ, ಆ ಮಾತು ಕಂಡರೆ ಅಕ್ಕನಿಗೆ ಆಗುವುದಿಲ್ಲ, ಒಳಗೆ ಬಲಾತ್ಕಾರಕ್ಕೆ ಸಿಕ್ಕವರ ಮಾತು ಕೇಳುವ ಕೆಲಸ. ಕೇಳಿದ್ದನ್ನು ಹೇಳಿದವಳ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬಾರದು, ಜೈಲಿನವರಿಗೂ ಹೇಳಬಾರದು, ಎನ್ನುವುದು ಆ ಕೆಲಸದ ಮೊದಲ ಷರತ್ತು.

ಅಕ್ಕ ಬರುವ ಮೊದಲೂ ಒಬ್ಬರು ಬಂದಿದ್ದರು. ಅವರ ಕಾಲದಲ್ಲಿ ಅಂಗಳದ ಮೈಕಿನಲ್ಲಿ ಕೂಗುತ್ತಿದ್ದರು: ಲೈಂಗಿಕ ಕಿರುಕುಳದ ಬಗ್ಗೆ ಮಾತಾಡುವವರು ಬಲಗಡೆ ಸಾಲಾಗಿ ನಿಲ್ಲಬೇಕು. ಬಲಗಡೆ ಒಂದು ನಾಯಿ ಮಲಗಿರುತ್ತಿತ್ತು. ಅದರ ಪಕ್ಕ ಯಾರೂ ಹೋಗಿ ನಿಲ್ಲಲಿಲ್ಲ. ಈ ಜೈಲಿನಲ್ಲಿ ಅಂಥ ಸಮಸ್ಯೆಯೇ ಇಲ್ಲ ಎಂದು ವರದಿ ಹೋಯಿತು, ಮೇಲಿನವರಿಗೂ ಖುಷಿಯಾಯಿತು.

ಅಕ್ಕ ಮೊದಲ ದಿನ ಮಧ್ಯಾಹ್ನವಿಡೀ ಒಬ್ಬರೇ ಕೂತಿದ್ದು ಹೋದರು. ಮುಂದಿನ ಸಲ ಬಂದವರೇ ಸೂಪರಿಂಟೆಂಡೆಂಟರನ್ನು ಕಂಡು, ನಮ್ಮ ವಿಭಾಗದ ಎಲ್ಲ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಕಳಿಸಿ ಅಂದರು. ಸಮಸ್ಯೆ ಇದ್ದವರು, ಇಲ್ಲದವರು, ಮಾತೇ ಬೇಡ ಅನ್ನುವವರು, ಎಲ್ಲರನ್ನೂ. ಎಲ್ಲರಿಗೂ ಕಾಲು ಗಂಟೆ, ಒಂದು ನಿಮಿಷ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೇಜಿನ ಮೇಲೆ ಒಂದು ಅಲಾರಂ ಗಡಿಯಾರ. ಅದು ಬಡಿದುಕೊಂಡರೆ ಏಳಬೇಕು, ಬಡಿದುಕೊಳ್ಳುವ ತನಕ ಏಳುವ ಹಾಗಿಲ್ಲ. ಮೂಲೆಯಲ್ಲಿ ಒಂದು ಡ್ರಮ್ ನೀರು, ಒಂದು ಮಗ್ಗು. ಅತ್ತವಳಾಗಲಿ ನಕ್ಕವಳಾಗಲಿ ಮುಖ ತೊಳೆದುಕೊಂಡೇ ಹೊರಗೆ ಹೋಗಬೇಕು.

ಇದೇನು ತಮಾಷೆ ಎಂದು ನಮಗೆ ಮೊದಲು ಅರ್ಥವಾಗಲಿಲ್ಲ. ನಾನು ನನ್ನ ಕಾಲು ಗಂಟೆಯನ್ನು ಮಾಲೀಕನನ್ನು ಬೈಯುವುದಕ್ಕೆ ಬಳಸಿದೆ. ಮಂಡಿನೋವಿನ ಅಜ್ಜಿಯೊಬ್ಬಳಿದ್ದಳು, ಅವಳು ಒಳಗೆ ಹೋಗಿ ಮೇಜಿಗೆ ತಲೆಯಿಟ್ಟು ನಿದ್ದೆ ಹೊಡೆದು ಬರುತ್ತಿದ್ದಳು. "ಇಡೀ ಜೈಲಲ್ಲಿ ಗೊರಕೆ ಹೊಡೆದ್ರೂ ಯಾರೂ ಒದೆಯದ ಜಾಗ ಅದೊಂದೇ ಕಣೇ" ಅನ್ನುತ್ತಿದ್ದಳು. ಆಮೇಲೆ ಅರ್ಥವಾಯಿತು. ನಾವೆಲ್ಲ ಹೋಗಿ ಬರುತ್ತಿದ್ದದ್ದು ಯಾರೋ ಒಬ್ಬಳು ಹೋದದ್ದು ಗೊತ್ತಾಗದಿರಲಿ ಎಂದು. ಎಲ್ಲರ ಮುಖವೂ ಒದ್ದೆಯಾಗಿದ್ದರೆ ಯಾರು ಅತ್ತರು ಅನ್ನುವುದು ಯಾರಿಗೆ ಗೊತ್ತಾಗಬೇಕು? ಇದನ್ನು ನಾವು ಯಾರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ. ಆದರೆ ಅಂದಿನಿಂದ ನಾನು ಮುಖಕ್ಕೆ ಒಂದು ಮಗ್ಗು ಜಾಸ್ತಿಯೇ ನೀರು ಎರಚಿಕೊಂಡು ಹೊರಗೆ ಬರುತ್ತಿದ್ದೆ.

ಆ ಒಬ್ಬಳು ಯಾರು ಎಂದು ನನಗೆ ಗುಮಾನಿ ಇತ್ತು. ದಾರ ನನ್ನ ಪಕ್ಕದ ಚಾಪೆಯವಳು. ಹೊಲಿಗೆ ವಿಭಾಗದಲ್ಲಿ ಕಣ್ಣು ಮಂಜಾದ ಹೆಂಗಸರಿಗೆಲ್ಲ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು, ಹೆಸರೇ ದಾರ ಎಂದಾಯಿತು. ಮನೆಗೆಲಸಕ್ಕಿದ್ದ ಮನೆಯಲ್ಲಿ ಒಡವೆ ಕದ್ದಳೆಂದು ಒಳಗೆ ಹಾಕಿದ್ದರು, ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಹೊರಗೆ ಅವಳಿಗೊಬ್ಬಳು ಚಿಕ್ಕ ಮಗಳು. ಮಗು ದಾರಳ ಅಕ್ಕನ ಮನೆಯಲ್ಲಿತ್ತು. ಆ ಭಾವನಿಗೋ ಮಗುವನ್ನು ಹೊರಗೆ ಹಾಕಲು ಒಂದು ನೆಪ ಬೇಕಾಗಿತ್ತು. "ನಾನು ಹೊರಗೆ ಬರೋವರೆಗೆ ನನ್ನ ಬಗ್ಗೆ ಒಂದು ಕೆಟ್ಟ ಮಾತು ಆ ಮನೆಗೆ ಹೋಗ್ಬಾರದು, ಅಷ್ಟೇ. ಹೋದ್ರೆ ನನ್ನ ಮಗಳು ಬೀದಿಗೆ" ಅನ್ನುತ್ತಿದ್ದಳು ದಾರ.

ಬಟ್ಟೆಯ ಥಾನು, ಗುಂಡಿ, ಸೋಪು ಎಲ್ಲ ಇರುತ್ತಿದ್ದದ್ದು ಸ್ಟೋರಿನಲ್ಲಿ. ಅದರ ಬೀಗದ ಕೈ ಇದ್ದವನನ್ನು ಸ್ಟೋರ್ ಸಾಹೇಬ ಅನ್ನುತ್ತಿದ್ದೆವು. ಥಾನು ತರಲು ಒಬ್ಬಳನ್ನೇ ಕಳಿಸಿ ಅನ್ನುವುದು ಅವನ ಪದ್ಧತಿ. ಯಾರನ್ನು ಕಳಿಸಬೇಕು ಎಂದು ಹೇಳುತ್ತಿದ್ದವನೂ ಅವನೇ. ನಮಗೆಲ್ಲ ಗೊತ್ತಿತ್ತು, ಕಾವಲಿನವರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. 

ನಾಲ್ಕಾರು ಸರದಿಗಳಲ್ಲಿ ದಾರ ಅಕ್ಕನ ಹತ್ತಿರ ಮಗಳ ಜಡೆಯ ಬಗ್ಗೆ, ತನ್ನ ಹಲ್ಲುನೋವಿನ ಬಗ್ಗೆ ಮಾತಾಡಿ ಬಂದಳಂತೆ. ಅಕ್ಕ ಅದನ್ನೇ ಕೇಳಿಸಿಕೊಂಡರು, ಒಂದು ಪ್ರಶ್ನೆಯನ್ನೂ ಮುಂದೆ ತಳ್ಳಲಿಲ್ಲ. ಕೊನೆಗೊಂದು ದಿನ ಒಳಗೆ ಹೋದವಳು, ಕಾಲು ಗಂಟೆ ಇನ್ನೇನು ಮುಗಿಯಬೇಕು ಅನ್ನುವಾಗ ಬಾಯಿ ತೆರೆದಳು. ಮೊದಲ ಮಾತು ಅರ್ಧವಾಗಿತ್ತು, ಅಲಾರಂ ಬಡಿಯಿತು. ದಾರ ಮಾತು ನಿಲ್ಲಿಸಿ ಎದ್ದು ನಿಂತಳು. ಅಕ್ಕ ಕೈ ಚಾಚಿ ಅಲಾರಂ ನಿಲ್ಲಿಸಿದರು. "ಕೂತ್ಕೊಳ್ಳಿ. ಹೇಳಿ" ಅಂದರು.

ಅಷ್ಟು ಶಿಸ್ತಿನ ಹೆಂಗಸು ಮಾಡಿದ ತಪ್ಪು ಅದೊಂದೇ. ಎದುರಿಗೆ ಒಬ್ಬಳ ಎದೆ ಒಡೆಯುತ್ತಿರುವಾಗ ಗಡಿಯಾರ ನೋಡಲಿಲ್ಲ, ಅಷ್ಟೆ. ಇದನ್ನು ತಪ್ಪು ಎಂದು ಬರೆಯಬೇಕಾಗಿ ಬಂದದ್ದು ಎಂಥ ಜಾಗದ ಮಾತು ನೋಡಿ.

ಬಾಗಿಲ ಹೊರಗೆ ಕಾವಲಿಗೆ ಕೂರುತ್ತಿದ್ದವಳು ಸ್ಟೂಲಮ್ಮ. ದಿನವಿಡೀ ಸ್ಟೂಲಿನ ಮೇಲೆ ಸ್ವೆಟರ್ ಹೆಣೆಯುವುದು ಅವಳ ಡ್ಯೂಟಿ. ಅವಳ ತಲೆಯ ಮೇಲೆಯೇ ಗೋಡೆ ಗಡಿಯಾರ. ಸಾಲಿನಲ್ಲಿ ದಾರಳ ಹಿಂದೆ ನಾನಿದ್ದೆ. ಕಾಲು ಗಂಟೆ ಆಯಿತು, ಅರ್ಧ ಆಯಿತು, ಬಾಗಿಲು ತೆರೆಯಲಿಲ್ಲ. ಸ್ಟೂಲಮ್ಮನ ಕೈಯ ಕಡ್ಡಿಗಳು ನಿಂತವು. ತಲೆಯೆತ್ತಿ ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಮತ್ತೆ ಹೆಣೆಯಲು ಶುರುಮಾಡಿದಳು. 

ದಾರ ಮುಖ ತೊಳೆದುಕೊಂಡು ಹೊರಗೆ ಬಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. "ಎಷ್ಟು ಹೊತ್ತಾಯ್ತು ಗೊತ್ತಾ ಅಕ್ಕ?" ಅಂದೆ. ಅವರು ಮೇಜಿನ ಮೇಲಿನ ಗಡಿಯಾರ ನೋಡಿದರು. 

"ಸ್ಟೂಲಮ್ಮ ನೋಡಿದಳಾ?"

"ನೋಡಿದಳು. ನಾನೂ ಅಷ್ಟೇ ಹೊತ್ತು ಕೂರ್ತೀನಿ ಬಿಡಿ. ನನ್ನ ಹಿಂದಿನವರಿಗೂ ಹೇಳ್ತೀನಿ."

ಕೂತೆ. ಬೈಯುವುದಕ್ಕೆ ಮಾಲೀಕನೂ ನೆನಪಾಗಲಿಲ್ಲ. ನನ್ನ ಹಿಂದಿನವಳೂ ಹೊತ್ತು ಎಳೆದಳು, ಅವಳ ಹಿಂದಿನವಳೂ ಎಳೆದಳು, ಅಜ್ಜಿ ಎರಡು ಪಟ್ಟು ಗೊರಕೆ ಹೊಡೆದಳು. ನಮ್ಮ ಬೇಳೆ ಬೇಯಲಿಲ್ಲ. ಮೊದಲು ಎಳೆದವಳು ಯಾರು ಎನ್ನುವುದು ಸ್ಟೂಲಮ್ಮನ ತಲೆಯಲ್ಲಿ ಕೂತುಬಿಟ್ಟಿತ್ತು. ಸಂಜೆ ಅವಳು ಸ್ಟೋರ್ ಕಡೆಗೆ ಹೋದದ್ದನ್ನು ನಾವೆಲ್ಲ ಕಂಡೆವು.

ಮಾರನೆಯ ದಿನ ದಾರಳನ್ನು ಹೊಲಿಗೆಯಿಂದ ತೆಗೆದು ಬೇರೆ ಕೊಠಡಿಗೆ ಹಾಕಿದರು. ಅಕ್ಕ ಮುಂದಿನ ಸಲ ಬಂದಾಗ ಗೇಟಿನಿಂದ ನೇರ ಸೂಪರಿಂಟೆಂಡೆಂಟರ ಕೋಣೆಗೆ ಕರೆದೊಯ್ದರು. ಕಚೇರಿ ಗುಡಿಸುವುದು ನನ್ನ ಪಾಲಿನ ಕೆಲಸ. ಅವತ್ತು ಆ ವರಾಂಡದಲ್ಲಿ ಇದ್ದ ಕಸಕ್ಕಿಂತ ಜಾಸ್ತಿಯೇ ಗುಡಿಸಿದೆ.

"ಆ ಹುಡುಗಿ ನಿಮ್ಮ ಹತ್ರ ಏನ್ ಹೇಳಿದ್ಲು?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್."

"ದೂರಿದ್ರೆ ಕ್ರಮ ತಗೊಳ್ತೀವಮ್ಮ. ಅವಳ ಒಳ್ಳೇದಕ್ಕೇ ಕೇಳ್ತಿರೋದು."

"ದೂರು ಕೊಡ್ತೀನಿ ಅಂತ ಅವಳು ಅಂದ್ರೆ ನಾನೇ ಜೊತೇಲಿ ಬರ್ತೀನಿ. ಒಂದು ಸಲ ಅವಳನ್ನ ನೋಡೋಕೆ ಬಿಡಿ."

"ಅದಾಗಲ್ಲ. ಸರಿ, ಏನೂ ಹೇಳಿಲ್ಲ ಅಂತ ಬರ್ಕೊಡಿ, ವಿಷಯ ಮುಗೀಲಿ."

"ಅದನ್ನೂ ಬರ್ಕೊಡೋಕೆ ಆಗಲ್ಲ ಸರ್."

"ಹೇಳಿದ್ಲು ಅಂತಾನೂ ಇಲ್ಲ, ಹೇಳಿಲ್ಲ ಅಂತಾನೂ ಇಲ್ಲ. ನಿಮ್ಮನ್ನ ಇಟ್ಕೊಂಡು ನಮಗೇನು ಉಪಯೋಗ?"

"ನಿಮಗೆ ಏನೂ ಇಲ್ಲ ಸರ್" ಅಂದರು ಅಕ್ಕ.

ಅಂದಿಗೆ ಅವರು ಒಳಗೆ ಬರುವ ಪಾಸು ರದ್ದಾಯಿತು. ನಮ್ಮ ಕಾಲು ಗಂಟೆಗಳೂ ಹಳ್ಳ ಹಿಡಿದವು. ಭದ್ರತೆಯ ದೃಷ್ಟಿಯಿಂದ ಎಂದು ಹೊಸ ಏರ್ಪಾಡು ಬಂತು. ಮಾತಾಡಬೇಕೆನ್ನುವವಳು ಹಿಂದಿನ ದಿನವೇ ಕಚೇರಿಯಲ್ಲಿ ಹೆಸರು ಕೊಡಬೇಕು, ಬಾಗಿಲು ತೆರೆದೇ ಇರಬೇಕು, ಕಾವಲಿನವಳು ಒಳಗೇ ಕೂರಬೇಕು. ಒಳಗೆ ಕೂತವಳು ಸ್ಟೂಲಮ್ಮ. ಯಾರೂ ಹೋಗಲಿಲ್ಲ. ಸಮಸ್ಯೆ ಇಲ್ಲ ಎಂದು ಮತ್ತೆ ವರದಿ ಹೋಯಿತು.

ಆದರೆ ಅಕ್ಕನ ಪಾಸು ರದ್ದು ಮಾಡಿದ್ದಕ್ಕೆ ಸಂಸ್ಥೆಯವರು ಮೇಲಕ್ಕೆ ದೂರಿದ್ದರಿಂದ ವಿಚಾರಣೆ ಎಂಬುದೊಂದು ನಡೆಯಿತು. ಸ್ಟೋರಿನ ಗುಸುಗುಸು ಜೈಲಿನವರಿಂದಲೇ ವಿಚಾರಣೆಯವರ ಕಿವಿಗೂ ಬಿದ್ದಿತ್ತು. ನಡೆಯದಿದ್ದರೇ ಚೆನ್ನಾಗಿತ್ತು. ದಾರಳನ್ನು ಕೂರಿಸಿ, ಸ್ಟೋರ್ ಸಾಹೇಬನನ್ನು ಎದುರಿಗೇ ಕೂರಿಸಿ, ಏನಾಯಿತು ಹೇಳು ಅಂದರು. ಏನೂ ಆಗಿಲ್ಲ ಅಂದಳು ಅವಳು. ಇನ್ನೇನು ಅಂದಾಳು? ಅಲ್ಲಿಗೂ ಅವರು ಬಿಡಲಿಲ್ಲ. ಹುಡುಗಿಯ ನಡತೆ ಎಂಥದು ಎಂದು ತಿಳಿಯಲು ಅವಳ ಅಕ್ಕನ ಮನೆಗೇ ಹೋದರು. ನಡುಮನೆಯಲ್ಲಿ ಕೂತು, ಮಗು ಬಾಗಿಲ ಹತ್ತಿರ ನಿಂತಿದ್ದಾಗಲೇ, ನಿಮ್ಮ ನಾದಿನಿಗೆ ಸ್ಟೋರಿನಲ್ಲಿ ಹೀಗೆ ಆಯಿತಂತೆ, ಮೊದಲಿಂದಲೂ ಹೇಗೆ ಅವಳು, ಎಂದು ಭಾವನನ್ನು ಕೇಳಿದರು. ಅವನಿಗೆ ಬೇಕಾಗಿದ್ದ ನೆಪ ಸರ್ಕಾರದ ಜೀಪಿನಲ್ಲಿ ಬಂದು ಮನೆಬಾಗಿಲಿಗೆ ಇಳಿಯಿತು. ಆ ತಿಂಗಳೇ ಮಗುವನ್ನು ಅನಾಥ ಮಕ್ಕಳ ಹಾಸ್ಟೆಲಿಗೆ ಸೇರಿಸಿದ. ಭೇಟಿಯ ದಿನ ದಾರಳ ಒಡಹುಟ್ಟಿದ ಅಕ್ಕ ಒಬ್ಬಳೇ ಬಂದು ಇದನ್ನು ಹೇಳಿ ಹೋದಳು. ಆಮೇಲೆ ಎಷ್ಟೋ ದಿನ ನೀರಿನ ನಲ್ಲಿಯ ಹತ್ತಿರ ಸಿಕ್ಕರೂ ದಾರ ನನ್ನ ಮುಖ ನೋಡುತ್ತಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದವರು ಹೇಳಿ ಅಕ್ಕ ಒಬ್ಬರೇ. ಊರಿಗೆಲ್ಲ ಡಂಗುರ ಸಾರಿದವರು ನ್ಯಾಯ ಕೊಡಲು ಬಂದವರು. ಸಮಾಲೋಚಕಿಯು ಯಾವುದೇ ಹೇಳಿಕೆ ನೀಡಿರುವುದಿಲ್ಲ, ಆದ್ದರಿಂದ ಆರೋಪ ಸಾಬೀತಾಗಿಲ್ಲ, ಎಂದು ಬರೆದು ಅವರೂ ಕೈ ತೊಳೆದುಕೊಂಡರು. ಸ್ಟೋರ್ ಸಾಹೇಬನಿಗೆ ಬಡ್ತಿ ಬಂತು.

ನನ್ನ ಅವಧಿ ಮುಗಿದು ಹೊರಗೆ ಬಂದವಳು ಹೇಳಿ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಗಾಜಿನ ತೂತಿನ ಹಿಂದೆ ಕೂತು ಜನಕ್ಕೆ ಯಾವ ಬಸ್ಸು ಎಲ್ಲಿ ಎಂದು ಹೇಳುವುದು. ಹೇಳಬಾರದ ಗುಟ್ಟು ಒಂದೂ ಇಲ್ಲದ ಕೆಲಸ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಜಗಳಕ್ಕೇ ಇಳಿದೆ.

"ಈಗ ಊರಿಗೆಲ್ಲ ಗೊತ್ತು ಅಕ್ಕ. ಇನ್ನೂ ಯಾತಕ್ಕೆ ಮುಚ್ಚಿಡ್ತೀರ? ಹೋಗಿ ಹೇಳಿಬಿಡಿ. ಆ ಬಡ್ಡಿಮಗ ಆರಾಮಾಗಿ ಓಡಾಡ್ಕೊಂಡಿದ್ದಾನೆ."

"ಊರಿಗೆ ಗೊತ್ತಿರೋದು ಊರು ಕಟ್ಟಿದ್ದು. ಅವಳು ಹೇಳಿದ್ದು ನನ್ನ ಹತ್ರ ಇದೆ. ಅವಳು ಹೇಳು ಅನ್ನಲಿ."

"ಅಲಾರಂ ನಿಲ್ಲಿಸದೇ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ." ಬಾಯಿ ತಪ್ಪಿ ಬಂದದ್ದಲ್ಲ, ಸಿಟ್ಟಿನಲ್ಲಿ ಬೇಕೆಂದೇ ಅಂದೆ.

ಅಕ್ಕ ತರಕಾರಿ ಹೆಚ್ಚುತ್ತಿದ್ದರು. ಕತ್ತಿಯನ್ನು ಕೆಳಗಿಟ್ಟರು. "ಅದನ್ನೇ ದಿನಾ ಯೋಚಿಸ್ತೀನಿ. ಅರ್ಧ ಮಾತಿಗೆ ಅವಳನ್ನ ಎಬ್ಬಿಸಿ, ಮಿಕ್ಕಿದ್ದನ್ನ ಮುಂದಿನ ಸರದೀಲಿ ಹೇಳಿ ಅನ್ನಬೇಕಿತ್ತಾ? ಅನ್ನಬೇಕಿತ್ತೇನೋ. ನನಗೆ ಗೊತ್ತಿಲ್ಲ ಕಣಮ್ಮ." ಪಕ್ಕದ ಕೋಣೆಯಿಂದ ಗಂಡ, ಯಾರು ಬಂದಿದ್ದು ಎಂದು ಕೂಗಿ ಕೇಳಿದರು. ಅಕ್ಕ ಕಣ್ಣೊರೆಸಿಕೊಂಡು, "ಗುರುತಿನವರು" ಎಂದು ಗಟ್ಟಿಯಾಗಿ ಹೇಳಿದರು. 

ದಾರಳ ಬಿಡುಗಡೆಯೂ ಆಯಿತು. ಕದ್ದಿದ್ದಾಳೆ ಎಂದಿದ್ದ ಒಡವೆ ಆ ಮನೆಯೊಡತಿಯ ಬೀರುವಿನಲ್ಲೇ, ಹಳೆಯ ಸೀರೆಯ ಮಡಿಕೆಯಲ್ಲಿ ಸಿಕ್ಕಿತಂತೆ. ಯಾರೂ ತಪ್ಪಾಯಿತು ಅನ್ನಲಿಲ್ಲ. ಹೊರಗೆ ಬಂದವಳು ನನ್ನ ಬಾಡಿಗೆ ಕೋಣೆಯಲ್ಲೇ ಉಳಿದಳು. ಕೆಲವು ದಿನ ಬಿಟ್ಟು ತಾನಾಗಿ ಕೇಳಿದಳು, "ಹೇಳಿ ಅಕ್ಕ ಎಲ್ಲಿದ್ದಾರೆ?" ಕರೆದುಕೊಂಡು ಹೋದೆ. ಕೌಂಟರಿನ ಗಾಜಿನ ಆಚೆಗೆ ಅವಳನ್ನು ಕಂಡ ಅಕ್ಕ, ಹಿಂದೆ ಸಾಲಿನಲ್ಲಿ ಜನ ನಿಂತಿದ್ದರೂ ಬಾಗಿಲು ತೆರೆದು ಹೊರಗೆ ಬಂದರು.

"ಅವತ್ತು ನಾನು ಹೇಳಿದ್ದು ನಿಮಗೆ ನೆನಪಿದೆಯಾ?" ದಾರ ಕೇಳಿದಳು.

"ಇದೆ."

"ಎಲ್ಲಾನೂ?"

"ನೀವು ಹೇಳಿದ ಹಾಗೇ ಇದೆ."

"ಹಾಗಾದ್ರೆ ಈಗ ಹೇಳಿ. ಇನ್ನು ಕಾಯೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಮೂವರೂ ಜೈಲಿನ ಮೇಲಿನವರ ದೊಡ್ಡ ಕಚೇರಿಗೆ ಹೋದೆವು. ಅಧಿಕಾರಿ ಕೆಟ್ಟವನೇನಲ್ಲ, ಕುಡಿಯಲು ನೀರು ಕೊಡಿಸಿದ. ಅಕ್ಕ ಹೇಳಿದರು. ಒಂದು ಮಾತನ್ನು ಸೇರಿಸಲಿಲ್ಲ, ಒಂದನ್ನು ಬಿಡಲಿಲ್ಲ, ಅಳಲಿಲ್ಲ. ದಾರ ನೆಲ ನೋಡುತ್ತಾ ಕೂತಿದ್ದಳು. ಅಧಿಕಾರಿ ಎಲ್ಲ ಕೇಳಿಸಿಕೊಂಡು ಪೆನ್ನನ್ನು ಮೇಜಿನ ಮೇಲಿಟ್ಟ.

"ಇಷ್ಟೆಲ್ಲ ಗೊತ್ತಿದ್ದೂ ವಿಚಾರಣೆ ಹೊತ್ತಲ್ಲಿ ಯಾಕಮ್ಮ ಸುಮ್ಮನಿದ್ರಿ?"

"ಆಗ ಅವರ ಒಪ್ಪಿಗೆ ಇರ್ಲಿಲ್ಲ."

"ಈಗ ಇದೆ. ಹೂಂ. ಅವತ್ತು ಈ ಹುಡುಗಿ ಏನೂ ಆಗಿಲ್ಲ ಅಂದಿದ್ದಾಳೆ, ನೀವು ಬಾಯೇ ಬಿಟ್ಟಿಲ್ಲ. ಇವತ್ತು ಇಬ್ಬರೂ ಒಟ್ಟಿಗೆ ಬಂದು ಒಂದೇ ಕಥೆ ಹೇಳ್ತಿದ್ದೀರ. ನಾನು ನಂಬ್ತೀನಿ ಅಂತಾನೇ ಇಟ್ಕೊಳ್ಳಿ. ಬೇರೆ ಯಾರು ನಂಬ್ತಾರೆ?"

ನಾನು ಏನೋ ಕೂಗಿದೆ, ಏನೆಂದು ನೆನಪಿಲ್ಲ. ಅಕ್ಕ ನನ್ನ ಕೈ ಹಿಡಿದು ಹೊರಗೆ ಕರೆತಂದರು. ಅಷ್ಟು ಕಾಲ ಅವರು ಕಾಪಾಡಿಕೊಂಡು ಬಂದ ಮೌನವನ್ನೇ ಅವರ ಮುಖಕ್ಕೆ ಹಿಡಿದಿದ್ದರು. ಅವರಿಗೆ ಸಿಟ್ಟೂ ಬರಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು.

ಅಲ್ಲಿಂದ ದಾರ ಮಗಳನ್ನು ನೋಡಲು ಹೊರಟಳು. ನೀವೂ ಬನ್ನಿ ಎಂದಳು, ಒಬ್ಬಳೇ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಹಾಸ್ಟೆಲಿನ ಅಂಗಳದಲ್ಲಿ ಸಿಮೆಂಟಿನ ಬೆಂಚು, ಎದುರಿಗೆ ತಂತಿಯ ಮೇಲೆ ಒಂದೇ ಬಣ್ಣದ ಲಂಗಗಳು ಒಣಗುತ್ತಿದ್ದವು. ಮಗುವಿನ ಜಡೆ ಕತ್ತರಿಸಿ ಕೂದಲು ಗಿಡ್ಡ ಮಾಡಿದ್ದರು. ಬಂದು ಬೆಂಚಿನ ತುದಿಯಲ್ಲಿ ಕೂತಿತು. ಕಾಲು ಆಡಿಸುತ್ತಾ ಕೇಳಿತು.

"ಅಮ್ಮ, ಸ್ಟೋರಲ್ಲಿ ನಿಂಗೆ ಏನೋ ಆಯ್ತಂತಲ್ಲ. ದೊಡ್ಡಪ್ಪ ಹೇಳ್ತಿದ್ರು. ಏನಾಯ್ತು?"

ದಾರ ಮಗುವಿನ ಗಿಡ್ಡ ಕೂದಲಿನ ಮೇಲೆ ಕೈಯಿಟ್ಟಳು. ನಾನು ಬಾಯಿ ತೆರೆಯಲು ಹೋದೆ, ಅಕ್ಕ ಬೇಡವೆಂದು ತಲೆಯಾಡಿಸಿದರು. ಇದೂ ಅವಳದೇ, ಅವಳೇ ಹೇಳಬೇಕು.

"ನೋವಾಯ್ತು ಪುಟ್ಟ" ಅಂದಳು ದಾರ.

"ಯಾರಿಗಾದ್ರೂ ಹೇಳಿದ್ಯಾ?"

"ಈ ಅಜ್ಜಿ ಹತ್ರ ಹೇಳಿದೆ."

ಮಗು ಅಕ್ಕನನ್ನು ಮೇಲಿಂದ ಕೆಳಗೆ ನೋಡಿತು. "ಆಮೇಲೆ ವಾಸಿ ಆಯ್ತಾ?" ಎಂದು ಅಮ್ಮನನ್ನು ಬಿಟ್ಟು ಅವರನ್ನೇ ಕೇಳಿತು.

ಯಾರು ಏನು ಕೇಳಿದರೂ ಯಾವ ಬಸ್ಸು ಎಲ್ಲಿ ಎಂದು ತಡವರಿಸದೆ ಹೇಳುವ ಹೆಂಗಸು ಮಗುವಿನ ಮುಖವನ್ನೇ ನೋಡುತ್ತಾ ಕೂತರು.  ಊಟದ ಗಂಟೆ ಬಡಿಯಿತು. ಮಗು ಉತ್ತರಕ್ಕೆ ಕಾಯದೆ ಎದ್ದು ಸಾಲಿಗೆ ಓಡಿತು.